ಎತ್ತುಗಳು ಕನ್ಯೆ ನೋಡಲು ಬಂದ ಪುಸ್ತಕ

ಪ್ರಾಣಿಗಳು ಬಾಯಿ ಬಿಟ್ಟು ಮಾತಾಡಿದರೆ ಅದು ಮಕ್ಕಳ ಪುಸ್ತಕ ಎಂದು ಠರಾವು ಮಾಡಿದವರು ಯಾರು? ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ, ಉತ್ತರ ಕೊಟ್ಟವರಿಲ್ಲ. ನಾನು ತೆಗೆದ ಚಿತ್ರಕಥೆಗಳಲ್ಲಿ ಎತ್ತು, ಎಮ್ಮೆ, ಕತ್ತೆ, ಹೋತ ಎಲ್ಲವೂ ಮಾತಾಡುತ್ತಿದ್ದವು. ಒಂದಾದರೂ ಮಕ್ಕಳ ಜೊತೆ ಮಾತಾಡಲಿಲ್ಲ. ಮೊದಲ ಸಂಚಿಕೆಯ ರಕ್ಷಾಪುಟದ ಮೇಲೆ ‘ಲಗ್ನದ ವಯಸ್ಸಿಗೆ ಬಂದವರಿಗೆ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದಿದ್ದೆ. ಅಷ್ಟು ಬರೆದ ಮೇಲೂ ಅದು ಸಾಲೆ ಹುಡುಗರ ಕೈಗೆ ಹೋಯಿತು, ಬುಡಕ್ಕೆ ನೀತಿಪಾಠ ಅಂಟಿಸಿಕೊಂಡು ಹೋಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ನಮ್ಮಪ್ಪ ಬೈಲಹೊಂಗಲದ ದನದ ಸಂತೆಯಲ್ಲಿ ದಲಾಲ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ಕೆಲಸ. ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲ ಎದುರಿನವನ ಕೈ ಹಿಡಿಯುತ್ತಾನೆ, ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಗಳ ಮೇಲೆ ಹರಡುತ್ತಾನೆ, ಅದರೊಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಬೆಲೆ ತಿಳಿಸುತ್ತಾನೆ. ಸುತ್ತ ನಿಂತ ನೂರು ಜನಕ್ಕೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಗಂಡುಮಕ್ಕಳಿಲ್ಲದ ಅಪ್ಪ ನಾನು ಚಿಕ್ಕವಳಿದ್ದಾಗ ಹೊತ್ತು ಹೋಗದೆ ಆ ಬೆರಳ ಲೆಕ್ಕವನ್ನು ನನಗೆ ಕಲಿಸಿದ್ದ. ಕಲಿಸಬಾರದಿತ್ತು ಎಂದು ಆಮೇಲೆ ಅವನಿಗೆ ಅನಿಸಿರಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಗಂಡು ನೋಡತೊಡಗಿದರು. ಗಂಡು ನೋಡುವುದು ಎಂದು ಹೆಸರಿಗಷ್ಟೇ; ನೋಡಿದ್ದೆಲ್ಲ ಅವರೇ, ನೋಡಿಸಿಕೊಂಡವಳು ನಾನು. ಐದು ಮನೆಯವರು ಬಂದು ಹೋದರು. ಒಬ್ಬ ಹಿರಿಯರು ಬಾಗಿಲಿನಿಂದ ಗೋಡೆಯವರೆಗೆ ನಡೆಸಿದರು, ತಿರುಗಿ ನಡೆಸಿದರು. ಇನ್ನೊಬ್ಬರು ಏನೋ ಹಾಸ್ಯ ಮಾಡಿ ನಗಿಸಿದರು. ನಕ್ಕಾಗ ಹಲ್ಲು ನೋಡುತ್ತಿದ್ದಾರೆ ಎಂದು ದಲಾಲನ ಮಗಳಿಗೆ ಗೊತ್ತಾಗದೆ ಇರುತ್ತದೆಯೇ? ಐದನೆಯ ಸಲ ಚಹಾದ ತಟ್ಟೆ ಹಿಡಿದುಕೊಂಡು ಹೊರಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಪಡಸಾಲೆಯಲ್ಲಿ ಅಪ್ಪ ಮತ್ತು ಹುಡುಗನ ಸೋದರಮಾವ ಎದುರುಬದುರು ಕೂತಿದ್ದರು. ಅವರ ಕೈಗಳ ಮೇಲೆ ವಲ್ಲಿ ಇತ್ತು.

ಕುದುರಲಿಲ್ಲ. ಯಾಕೆ ಕುದುರಲಿಲ್ಲ ಎಂದು ಯಾರೂ ನನಗೆ ಹೇಳಲಿಲ್ಲ, ಮಾರುವ ಹೋರಿಗೆ ಯಾರು ಹೇಳುತ್ತಾರೆ? ಮರುದಿನ ಮಧ್ಯಾಹ್ನ ಹೊಲಿಗೆ ಕ್ಲಾಸಿನ ಡಿಸೈನ್ ಪುಸ್ತಕ ತೆಗೆದುಕೊಂಡು ಕೂತೆ. ಡ್ರಾಯಿಂಗಿನ ಲೋಅರ್, ಹೈಯರ್ ಎರಡೂ ಪರೀಕ್ಷೆ ಪಾಸಾದ ಕೈ ಅದುವರೆಗೆ ಬರೀ ಬ್ಲೌಸಿನ ಬಳ್ಳಿ, ನವಿಲು ತೆಗೆದು ಬೇಸತ್ತಿತ್ತು. ಎತ್ತುಗಳಿಗೆ ಧೋತರ ಉಡಿಸಿದೆ, ರುಮಾಲು ಸುತ್ತಿದೆ, ಜಮಖಾನೆಯ ಮೇಲೆ ಕೂರಿಸಿ ಅವಲಕ್ಕಿ ಕೊಡಿಸಿದೆ. ಎದುರಿಗೆ ಒಬ್ಬ ಹುಡುಗಿ. ಮುದಿ ಎತ್ತು ಕೇಳುತ್ತದೆ: ‘ಹಾಯೂದು, ಒದಿಯೂದು ಏನರ ಐತೇನ್ರಿ?’ ಹುಡುಗಿಯ ತಂದೆ ಹೇಳುತ್ತಾನೆ: ‘ಏನೂ ಇಲ್ರಿ, ಬಾಳ ಸಾದಾ ಐತಿ.’ ಹದಿನಾರು ಪುಟ ಒಂದೇ ಉಸಿರಿಗೆ ಮುಗಿದವು.

ಆ ಪುಸ್ತಕವನ್ನು ಮೊದಲು ನೋಡಿದವಳು ಸವದತ್ತಿಯಲ್ಲಿ ಸಾಲೆ ಮಾಸ್ತರಿಣಿಯಾಗಿದ್ದ ನನ್ನ ಗೆಳತಿ. ನಗುತ್ತಾಳೆ ಅಂದುಕೊಂಡಿದ್ದೆ, ಅವಳು ಎರಡು ಸಲ ಓದಿ, ಝರಾಕ್ಸ್ ಮಾಡಿಸೋಣ ಅಂದಳು. ಸವದತ್ತಿಯ ಅಂಗಡಿಯವನಿಗೆ ಪ್ರಶ್ನೆಪತ್ರಿಕೆ ಎಂದು ಹೇಳಿ, ತಾನೇ ಮಷಿನ್ ಪಕ್ಕ ನಿಂತು ಹಾಳೆಗಳನ್ನು ಬೋರಲು ಹಾಕಿಸಿಕೊಂಡು ಬಂದಳು. ಮಧ್ಯಕ್ಕೆ ನಾವೇ ದಾರ ಹೊಲಿದೆವು. ಕಟಕೋಳ, ಸುರೇಬಾನದ ಕಡೆ ಬಸ್ಸಿನಲ್ಲಿ ಓಡಾಡುವ ಮಾಸ್ತರಿಣಿಯರು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಹೋದರು, ಅವರಿಂದ ನರ್ಸಮ್ಮಂದಿರಿಗೆ, ನರ್ಸಮ್ಮಂದಿರಿಂದ ಇನ್ಯಾರಿಗೋ. ಒಂದು ಪ್ರತಿ ಎಣ್ಣೆ ಕಲೆ ಮಾಡಿಕೊಂಡು ಹಿಂದಿರುಗಿದಾಗ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: ‘ನಮ್ಮ ಮಾವನವರನ್ನ ನೀವು ಯಾವಾಗ ನೋಡಿದ್ರಿ?’ ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಇವತ್ತಿಗೂ ಬಂದಿಲ್ಲ.

ಹೀಗೆ ಏಳು ಸಂಚಿಕೆಗಳಾದವು. ಎಲ್ಲದರಲ್ಲೂ ಅದೇ ಊರು, ಅದೇ ಪ್ರಾಣಿಗಳು. ಮಕ್ಕಳಾಗದಂತೆ ಮಾಡುವ ಆಪರೇಷನ್ ಕ್ಯಾಂಪಿನ ಜೀಪು ಬಂದಾಗ ಹೋತಗಳೆಲ್ಲ ಹೊಲದಲ್ಲಿ ಕೆಲಸವಿದೆ ಎಂದು ಓಡಿಹೋಗುತ್ತವೆ, ಆಡುಗಳು ಮಾತ್ರ ಸಾಲಾಗಿ ಜೀಪು ಹತ್ತುತ್ತವೆ, ಅದು ಮೂರನೆಯದು. ಕುಡಿದು ಬಂದು ಒದೆಯುವ ಕತ್ತೆಯನ್ನು ಊರಿನ ಹಿರಿಯರು ‘ಕತ್ತಿ ಅಂದಮ್ಯಾಲ ಒದಿಯೂದ’ ಎಂದು ಸಮರ್ಥಿಸಿಕೊಳ್ಳುವುದು ಐದನೆಯದು. ಮೊದಲನೆಯದರಲ್ಲಿ ಪ್ರಾಣಿಗಳಿಗೆ ಗೊರಸು ತೆಗೆದಿದ್ದೆ. ಗೊರಸಿಗೆ ಚಹಾದ ಬಸಿ ಹಿಡಿಯಲು ಬರುವುದಿಲ್ಲ ಎಂದು ತಿಳಿದು, ಎರಡನೆಯದರಿಂದ ಮನುಷ್ಯರ ಕೈ ಕೊಟ್ಟೆ. ಕೈ ಕೊಟ್ಟ ಮೇಲೆ ಬೆರಳು ಬಂದವು, ಬೆರಳು ಬಂದ ಮೇಲೆ ನಾನು ಸುಮ್ಮನಿರಲಿಲ್ಲ. ಆರನೆಯ ಸಂಚಿಕೆಯಲ್ಲಿ ಎರಡು ಎತ್ತುಗಳು ಒಬ್ಬ ಹುಡುಗಿಯ ವ್ಯಾಪಾರ ಮಾಡುವಾಗ, ಇಡೀ ಪುಟದ ಚಿತ್ರದಲ್ಲಿ ವಲ್ಲಿಯನ್ನು ಮೇಲೆತ್ತಿ ಒಳಗಿನ ಕೈಗಳನ್ನು ತೋರಿಸಿದೆ. ಯಾವ ಬೆರಳು, ಯಾವ ಹಿಡಿ, ಎಲ್ಲವೂ ಇದ್ದದ್ದು ಇದ್ದ ಹಾಗೆ.

ಹೊತ್ತಿಕೊಂಡಿತು. ಸಂತೆಯ ದಲಾಲರಿಬ್ಬರು ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಯಾರೋ ತಮ್ಮ ಕಸುಬನ್ನು ಬೀದಿಗೆ ಇಟ್ಟಿದ್ದಾರೆ, ಪತ್ತೆ ಹಚ್ಚಬೇಕು ಎಂದು ಕೂಗಾಡಿದರು. ಹುಡುಗಿಯನ್ನು ಮಾರಿದ್ದು ಅವರ ಕಣ್ಣಿಗೆ ಬೀಳಲಿಲ್ಲ, ವಲ್ಲಿ ಎತ್ತಿದ್ದೇ ದೊಡ್ಡ ಅಪರಾಧವಾಯಿತು. ಅಪ್ಪನಿಗೆ ಓದಲು ಬರುವುದಿಲ್ಲ. ಆ ಚಿತ್ರವನ್ನು ಬಹಳ ಹೊತ್ತು ನೋಡಿದ, ಯಾರೋ ಹುಚ್ಚರು ತೆಗೆದಿರಬೇಕು ಎಂದು ಹೇಳಿ ಅವರನ್ನು ಕಳಿಸಿದ. ಒಳಗೆ ಬಂದು ನನ್ನ ಮುಖ ನೋಡದೆ ಹೇಳಿದ:

“ಬೆರಳ ಬರೋಬರಿ ತಗದಿ. ಹೆಸರ ಮಾತ್ರ ಹಾಕಬ್ಯಾಡ. ತಂಗಿ ಲಗ್ನ ಆಗೂತನಕ ತಡಿಯವ್ವಾ.”

ತಡೆದೆ. ತಂಗಿಯ ಹೆಸರು ಬಂದಾಗ ಏನು ಹೇಳಲಿ? ಏಳನೆಯ ಸಂಚಿಕೆಯ ಹೊತ್ತಿಗೆ ಗೆಳತಿ ರಾಮದುರ್ಗದ ಒಬ್ಬ ಪ್ರೆಸ್ಸಿನವರನ್ನು ಹುಡುಕಿದ್ದಳು. ಮೂಲ ಚಿತ್ರಗಳನ್ನೆಲ್ಲ ಅವರಿಗೆ ಕೊಟ್ಟೆವು. ಹೆಸರನ್ನು ಆಮೇಲೆ ಹಾಕೋಣ ಎಂದು ನಾನೇ ಬಾಯಿಮಾತಿನಲ್ಲಿ ಹೇಳಿ ಬಂದೆ. ಕೆಲವು ತಿಂಗಳ ಬಳಿಕ ಆ ಮನುಷ್ಯ ಪುಸ್ತಕ ಓಡಲಿಲ್ಲ, ಕೈಬಿಟ್ಟೆವು ಎಂದು ಹೇಳಿ ಕಳಿಸಿದರು. ನಂಬಿದೆ. ಗೆಳತಿಗೆ ದೂರದ ಊರಿಗೆ ವರ್ಗವಾಯಿತು, ತಂಗಿಗೆ ಕಿತ್ತೂರಿನ ಮನೆಗೆ ಲಗ್ನವಾಯಿತು. ನಾನು ಲಗ್ನದ ಗೊಡವೆಗೆ ಹೋಗದೆ ಹೊಲಿಗೆ ಕ್ಲಾಸು ನಡೆಸಿಕೊಂಡು ಉಳಿದೆ.

ಅದಾಗಿ ಹತ್ತು ವರ್ಷಗಳಾಗಿರಬೇಕು. ಕಿತ್ತೂರಿಗೆ ಹೋಗಿದ್ದಾಗ ತಂಗಿಯ ಮಗಳು ಸಾಲೆಯಲ್ಲಿ ಬಹುಮಾನ ಬಂದ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ರಕ್ಷಾಪುಟದ ಮೇಲೆ ನನ್ನ ಮುದಿ ಎತ್ತು, ನಾಲ್ಕು ಬಣ್ಣದಲ್ಲಿ. ‘ಚಿಣ್ಣರ ನೀತಿಕಥೆಗಳು, ಎಂಟನೆಯ ಭಾಗ.’ ನಾನು ತೆಗೆದದ್ದೇ ಏಳು! ಉಳಿದ ಭಾಗಗಳೂ ಅವಳ ಸಾಲೆಯಲ್ಲಿದ್ದವು, ಎಲ್ಲವನ್ನೂ ತರಿಸಿ ನೋಡಿದೆ. ಕನ್ಯೆ ನೋಡಲು ಬಂದ ಎತ್ತುಗಳು ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಜಾಣ ಹುಡುಗಿಯನ್ನು ಅಭಿನಂದಿಸಲು ಬಂದಿದ್ದವು. ಆಪರೇಷನ್ ಕ್ಯಾಂಪು ಹಲ್ಲುಜ್ಜುವ ಶಿಬಿರವಾಗಿತ್ತು. ಒದೆಯುವ ಕತ್ತೆಯ ಕಥೆಯ ಬುಡದಲ್ಲಿ ‘ನೀತಿ: ಹಿರಿಯರ ಮಾತು ಮೀರಬಾರದು’ ಎಂದಿತ್ತು. ಒಳಪುಟದಲ್ಲಿ ಪ್ರೆಸ್ಸಿನ ಮಾಲೀಕರದೇ ಹೆಸರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗೆ. ಕದ್ದಿದ್ದರೆ ಕಳ್ಳ ಎಂದು ಬೈದು ಸುಮ್ಮನಾಗುತ್ತಿದ್ದೆನೇನೋ. ನನ್ನ ಸಿಟ್ಟಿನ ಹಲ್ಲು ಕಿತ್ತು, ಹಾಲು ಕುಡಿಸಿ, ಮಕ್ಕಳ ಮುಂದೆ ಕೂರಿಸಿದ್ದನ್ನು ಹೇಗೆ ಸಹಿಸಲಿ? ಮಗು ನೀತಿಯನ್ನು ಗಟ್ಟಿಯಾಗಿ ಓದಿ ತೋರಿಸುತ್ತಿತ್ತು. ಚೆಂದಾಗಿ ಓದಿದೆ ಎಂದು ಹೇಳಿ ಹಿತ್ತಲಿಗೆ ಹೋಗಿ ಅತ್ತೆ.

ಆ ವಾರವೇ ರಾಮದುರ್ಗಕ್ಕೆ ಹೊರಟೆ. ಅಪ್ಪ ತಾನೂ ಬರುತ್ತೇನೆ ಎಂದ. ಸಂತೆಗೆ ಹೋಗುವುದು ಬಿಟ್ಟಿದ್ದರೂ ಹೆಗಲ ಮೇಲಿನ ವಲ್ಲಿ ಬಿಟ್ಟಿರಲಿಲ್ಲ. ಪ್ರೆಸ್ಸಿನ ಮಾಲೀಕರು ನಯವಾಗಿಯೇ ಮಾತಾಡಿದರು, ಚಹಾ ತರಿಸಿದರು. ನಮ್ಮ ಪುಸ್ತಕ ಇದ್ದ ಹಾಗೆ ಓಡಲಿಲ್ಲವಂತೆ, ತಾವು ಸುಧಾರಿಸಿದ ಮೇಲೆ ಓಡಿತಂತೆ. ನನ್ನ ಮಾತುಗಳನ್ನು ಮೊದಲಿನಂತೆ ಹಾಕಬೇಕು, ನನ್ನ ಹೆಸರು ಹಾಕಬೇಕು ಎಂದೆ. ಇದು ನಿಮ್ಮದು ಎನ್ನಲು ಗುರುತು ಏನಿದೆ ಎಂದು ಕೇಳಿದರು. ಹಳೆಯ ಝರಾಕ್ಸ್ ತೋರಿಸಿದರೆ, ಅದನ್ನು ನಮ್ಮ ಪುಸ್ತಕದಿಂದಲೇ ಮಾಡಿಸಿರಬಹುದಲ್ಲ ಎಂದರು. ಅಂಗೈ ಹುಣ್ಣಿಗೂ ಕನ್ನಡಿ ಕೇಳುವ ಜನ.

ಅಪ್ಪ ಅಷ್ಟು ಹೊತ್ತು ಆರನೆಯ ಮತ್ತು ಎಂಟನೆಯ ಭಾಗಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದ. ಎಂಟನೆಯದರಲ್ಲೂ ವಲ್ಲಿಯ ಚಿತ್ರವಿತ್ತು, ಇವರು ಬಾಡಿಗೆಗೆ ಹಿಡಿದ ಯಾರೋ ತೆಗೆದದ್ದು. ಅಪ್ಪ ಅದರ ಮೇಲೆ ಬೆರಳಿಟ್ಟ. “ಇದು ನನ್ನ ಮಗಳ ಕೈ ಅಲ್ರಿ. ಇಂಥಾ ಹಿಡಿ ನಮ್ಮ ಸಂತ್ಯಾಗ ಯಾರೂ ಹಿಡಿಯೂದಿಲ್ಲ. ಆರನೇದು ನೋಡ್ರಿ, ಅದು ಖರೇ ಐತಿ.”

ಮಾಲೀಕರು ನಕ್ಕರು. “ಯಜಮಾನ್ರ, ಎತ್ತಿಗೆ ಎಲ್ಲಿ ಬೆರಳ ಇರ್ತಾವ್ರಿ? ಮಕ್ಕಳ ಪುಸ್ತಕಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ?”

ಅಪ್ಪ ಪುಸ್ತಕಗಳನ್ನು ಮುಚ್ಚಿಟ್ಟ. ಎದ್ದು ಅವರ ಪಕ್ಕದ ಕುರ್ಚಿಗೆ ಹೋಗಿ ಕೂತ. ಕಿವಿಯಲ್ಲಿ ಏನೋ ಅಂದ, ಬೆರಳ ಲೆಕ್ಕ ಹೇಳಿಕೊಟ್ಟಿರಬೇಕು. ಹೆಗಲ ವಲ್ಲಿ ಇಳಿಯಿತು, ಇಬ್ಬರ ಕೈಗಳನ್ನೂ ಮುಚ್ಚಿತು. ಮಾಲೀಕರ ಹುಬ್ಬು ಮೊದಲು ಗಂಟಿಕ್ಕಿತು, ಆಮೇಲೆ ಸಡಿಲಾಯಿತು. ಬಟ್ಟೆ ಅಲುಗುತ್ತಿತ್ತು. ನನ್ನ ಪುಸ್ತಕ, ನನ್ನ ಹೆಸರು, ನಾನು ಎರಡು ಮಾರು ದೂರದಲ್ಲಿ ಕೂತಿದ್ದೇನೆ, ನನ್ನ ಎದುರಿಗೇ ಇಬ್ಬರು ಗಂಡಸರು ನನ್ನದೇನನ್ನೋ ಬೆರಳಲ್ಲಿ ಅಳೆಯುತ್ತಿದ್ದಾರೆ. ಎದ್ದು ಹೋಗಿ ವಲ್ಲಿಯನ್ನು ಎಳೆದುಬಿಟ್ಟೆ.

ವ್ಯಾಪಾರ ನಡೆದಿರುವಾಗ ವಲ್ಲಿ ಎಳೆಯುವುದು ನಮ್ಮ ಕಡೆ ಕಪಾಳಕ್ಕೆ ಹೊಡೆದಂತೆ. ಆ ಮಾಲಿನ ಮಾತು ಅಲ್ಲಿಗೆ ಮುಗಿಯಿತು, ಅದೇ ಇಬ್ಬರು ಅದರ ಬಗ್ಗೆ ಮತ್ತೆ ಕೈ ಹಿಡಿಯುವಂತಿಲ್ಲ. ಮಾಲೀಕರು ಕೈ ಹಿಂದಕ್ಕೆ ತೆಗೆದುಕೊಂಡು, ಇನ್ನು ತಮಗೆ ಕೆಲಸವಿದೆ ಎಂದರು. ಅಪ್ಪ ವಲ್ಲಿಯನ್ನು ಮಡಚಿಕೊಂಡು ನನಗಿಂತ ಮುಂದೆ ಹೊರಗೆ ನಡೆದ.

ಬಸ್ಸು ಕಟಕೋಳ ದಾಟಿತು. ಆಮೇಲೆ ಅಪ್ಪನೇ ಅಂದ: “ನಿನ್ನ ಹೆಸರ ಹಾಕಿದ್ರ ಮುಂದಿನ ಛಾಪಿನಾಗ ಇಷ್ಟ ಬುಕ್ಕ ನಾನ ತಗೋತೇನಿ ಅಂದಿದ್ದೆ. ಒಪ್ಪಾಕ ಬಂದಿದ್ದ.”

“ಅದನ್ನ ಬಾಯಿ ಬಿಟ್ಟ ಹೇಳಾಕ ಬರ್ತಿರಲಿಲ್ಲೇನಪ್ಪಾ?”

ನನಗೆ ಪಶ್ಚಾತ್ತಾಪವಾಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಸಿಟ್ಟು ಬಂತು. ನನ್ನ ಹೆಸರನ್ನು ಕೊಳ್ಳಲು ಹೊರಟಿದ್ದನಲ್ಲ, ಅದನ್ನು ಮಾರಾಟಕ್ಕೆ ಇಟ್ಟವರು ಯಾರು? ಹೆತ್ತ ಅಪ್ಪನೂ ನನ್ನ ಪರವಾಗಿ ನಿಂತದ್ದು ಬಟ್ಟೆಯ ಒಳಗೆ. ಇದನ್ನೆಲ್ಲ ಅವನಿಗೆ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ.

ಬೈಲಹೊಂಗಲದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ದಾರಕ್ಕೆ ಚಿಮಟ ಹಾಕಿ ನೇತುಹಾಕಿದ ಪುಸ್ತಕಗಳ ನಡುವೆ ಆ ಎತ್ತಿನ ಮುಖಗಳು ಸಾಲಾಗಿ ಕಂಡವು. ಎಷ್ಟು ಸಲ ಆ ಅಂಗಡಿಯ ಮುಂದೆ ಹಾದುಹೋಗಿದ್ದೆನೋ, ಮಕ್ಕಳ ಪುಸ್ತಕವೆಂದು ಕತ್ತೆತ್ತಿ ನೋಡಿರಲಿಲ್ಲ. ಅಪ್ಪ ನೆಟ್ಟಗೆ ಅಂಗಡಿಗೆ ಹೋದ. ಬೆರಳು ಮಾಡಿ ತೋರಿಸಿ, ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದ: “ಈ ಬುಕ್ಕ ನನ್ನ ಮಗಳು ತಗದದ್ದು.”

ನಲವತ್ತು ವರ್ಷ ಬೆರಳಲ್ಲಿ ಮಾತಾಡಿದ ಮನುಷ್ಯ. ಆ ಐದು ಮಾತು ಆಡಲು ಅವನ ಕುತ್ತಿಗೆಯ ನರ ಉಬ್ಬಿದ್ದವು. ಅಂಗಡಿಯವನು ಒಂದು ಪುಸ್ತಕ ಇಳಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದ. “ಹೆಸರ ಎಲ್ಲೈತ್ರಿ ಮತ್ತ?” ಎಂದ.

ಅಪ್ಪ ನನ್ನ ಕಡೆ ನೋಡಿದ. ಚೀಲದಿಂದ ಪೆನ್ನು ತೆಗೆದೆ. ಆ ಪುಸ್ತಕವನ್ನು ಅಂಗಡಿಯ ಹಲಗೆಯ ಮೇಲಿಟ್ಟು, ರಕ್ಷಾಪುಟದ ಎತ್ತಿನ ರುಮಾಲಿನ ಮೇಲೆ ನನ್ನ ಹೆಸರು, ಅದರ ಮುಂದೆ ಅಪ್ಪನ ಹೆಸರು ಬರೆದೆ. ಚಿಮಟ ಬಿಚ್ಚಿ ಎರಡನೆಯದನ್ನು ಇಳಿಸಿದೆ. ಮೂರನೆಯದರ ಮೇಲೆ ಬರೆಯುವಾಗ ಅಂಗಡಿಯವನಿಗೆ ಎಚ್ಚರವಾಗಿ, ಹಲಗೆಯ ಮೇಲಿನಿಂದ ಎರಡೂ ಕೈ ಚಾಚಿ ದಾರದಲ್ಲಿ ಉಳಿದವನ್ನು ಮುಚ್ಚಿ ಹಿಡಿದ.

“ಅಕ್ಕಾರ, ಗೀಚಿದ ಬುಕ್ಕ ಪ್ರೆಸ್ಸಿನವ್ರು ತಿರುಗಿ ತಗೊಳ್ಳೂದಿಲ್ರಿ.”

“ತಗೋಬಾರದಂತನ ಬರಿಯಾಕ ಹತ್ತೇನಿ” ಅಂದೆ. “ಕೈ ತಗೀರಿ.”