ಕಣ್ಣು ಮುಚ್ಚಿಕೊಂಡು ಮಾಡಿದ ಸೇವೆ

ನನ್ನ ಪ್ರಾರ್ಥನೆ ಉದ್ದವೆಂದು ನಂಜನಗೂಡಿನ ನಮ್ಮ ಚರ್ಚಿನ ಸಭೆಯವರೆಲ್ಲ ಬಲ್ಲರು. ಕಣ್ಣು ಮುಚ್ಚಿ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ; ಜೊತೆಗೆ ಕಣ್ಣು ಮುಚ್ಚಿದವರಿಗೆ ಚೆನ್ನಾಗಿ ತಿಳಿಯುತ್ತದೆ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಪಾಠ ಹೇಳಿದವನ ಚಾಳಿ ಅದು. ಬೆಲ್ಲು ಹೊಡೆಯದೆ ನಿಲ್ಲಿಸಿ ನನಗೆ ಅಭ್ಯಾಸವಿಲ್ಲ.

ಈಚೆಗೆ ನಮ್ಮ ಸಭೆಗೆ ಹಿರಿಯರ ಮೇಲೆ ಅಕ್ಕರೆ ಉಕ್ಕಿದೆ. ಒಂದು ಭಾನುವಾರ ವಯಸ್ಸಾದವರಿಗೆಲ್ಲ ಶಾಲು ಹೊದಿಸಿ, ಫ್ಯಾನಿನ ಕೆಳಗೆ ಮೆತ್ತನೆಯ ಕುರ್ಚಿ ಹಾಕಿ ಕೂರಿಸಿದರು. ಕುರ್ಚಿಯೇನೋ ಹಿತವಾಗಿತ್ತು. ಆದರೆ ಅಂದಿನಿಂದ ಕಾಣಿಕೆ ತಟ್ಟೆ ಹಿಡಿಯುವುದಕ್ಕೂ ನನ್ನನ್ನು ಏಳಗೊಡಲಿಲ್ಲ. ನೀವು ಕೂತ್ಕೊಳ್ಳಿ ಸಾರ್ ಎಂಬ ಉಪಚಾರ ಕೇಳಿ ಕೇಳಿ, ಶಾಲಿನ ಜೊತೆ ನನ್ನನ್ನೂ ಮಡಚಿ ಬೀರುವಿನಲ್ಲಿಟ್ಟರೇನೋ ಅನ್ನಿಸಿತು. ನಮ್ಮ ಪಾದ್ರಿಗಳು ನನ್ನ ಶಿಷ್ಯರಿಗಿಂತ ಚಿಕ್ಕವರು, ಆದರೂ ನಾವು ಕರೆಯುವುದು ಅಯ್ಯನವರೆಂದೇ. ಅವರ ಬಳಿ ಹೋಗಿ, ನನಗೊಂದು ಸೇವೆ ಕೊಡಿ ಎಂದು ಹಟ ಹಿಡಿದೆ. ಸಭೆಗೆ ಬರಲಾಗದವರ ಮನೆಗಳಿಗೆ ಹೋಗಿ ಪ್ರಾರ್ಥನೆ ಮಾಡಿ ಬನ್ನಿ ಎಂದರು. ನನ್ನ ಪ್ರಾರ್ಥನೆಯನ್ನು ಊರಾಚೆ ಕಳಿಸುವ ಉಪಾಯವೂ ಅದರಲ್ಲಿತ್ತೆಂದು ಆಮೇಲೆ ಹೊಳೆಯಿತು.

ಹಾಗೆ ಬಸ್ಸು ಹತ್ತಿ, ತಿ. ನರಸೀಪುರದಲ್ಲಿ ಇನ್ನೊಂದು ಬಸ್ಸು ಹಿಡಿದು, ಹೆಮ್ಮಿಗೆಯ ರಾಹೇಲಮ್ಮನವರ ಮನೆಗೆ ಹೋದೆ. ನನಗಿಂತ ಹಿರಿಯರು. ಹಿಂದೆ ಯಾರ ಮನೆಯಲ್ಲಿ ಹೆರಿಗೆಯಾದರೂ ಸಾವಾದರೂ ಮೊದಲು ಓಡುತ್ತಿದ್ದವರು, ಈಗ ಮಂಡಿನೋವಿಂದ ಮನೆ ಹಿಡಿದಿದ್ದರು. ಸೊಸೆ ಕಾಫಿಗಿಡಲು ಒಳಗೆ ಹೋದಾಗ, ಏನೆಂದು ಪ್ರಾರ್ಥಿಸಲಿ ಎಂದು ಕೇಳಿದೆ. ಬಿಪಿಯೆಂದು ಸೊಸೆ ಸಾರಿಗೆ ಉಪ್ಪೇ ಹಾಕುವುದಿಲ್ಲ, ಅದಕ್ಕೇ ರಾಗಿ ಡ್ರಮ್ಮಿನ ಹಿಂದೆ ಉಪ್ಪಿನಕಾಯಿ ಭರಣಿ ಬಚ್ಚಿಟ್ಟಿದ್ದೇನೆ, ಆ ಚಪಲವೊಂದು ಬಿಡುತ್ತಿಲ್ಲ ಎಂದು ಪಿಸುಗುಟ್ಟಿದರು.

ಸೊಸೆ ಬಂದು ತಲೆಗೆ ಸೆರಗು ಹೊದ್ದು ನಿಂತಳು. ನಾನು ಕಣ್ಣು ಮುಚ್ಚಿದೆ. ಲೋಕಶಾಂತಿಯಿಂದ ಹೊರಟು, ಮಂಡಿನೋವನ್ನು ಹಾದು, ಭರಣಿಗೆ ಬಂದೆ. ದೇವರಿಗೆ ವಿಳಾಸ ತಪ್ಪಬಾರದಲ್ಲ, ರಾಗಿ ಡ್ರಮ್ಮಿನ ಹಿಂದೆ ಎಂದೂ ಸೇರಿಸಿದೆ. ಸೊಸೆ ಗಟ್ಟಿಯಾಗಿ ಆಮೆನ್ ಎಂದಳು. ನಾನು ಕಣ್ಣು ಬಿಡುವಷ್ಟರಲ್ಲಿ ಭರಣಿ ಅವಳ ಕಂಕುಳಲ್ಲಿತ್ತು.

ದೇವರ ಹತ್ತಿರ ತಾನೇ ಹೇಳಿದ್ದು ಎಂದು ತೊದಲಿದೆ.

"ದೇವ್ರಿಗ್ ಗೊತ್ತಿತ್ತು ಮೇಷ್ಟ್ರೇ. ಅವಳ್ಗ್ ಗೊತ್ತಿರ್ನಿಲ್ಲ," ಎಂದರು ರಾಹೇಲಮ್ಮ.

ಆಮೇಲೆ ಭರಣಿಯ ಮಾತು ಅಲ್ಲಿಗೇ ಬಿಟ್ಟು, ಅದಕ್ಕಿಂತ ದೊಡ್ಡ ನೋವೊಂದನ್ನು ಹೇಳಿಕೊಂಡರು. "ಬಂದೋರೆಲ್ಲ ನನ್ ಮಂಡಿಗೇ ಪ್ರಾರ್ಥ್ನೆ ಮಾಡ್ಬುಟ್ಟು ಓಯ್ತಾರೆ. ನಂಗೋಸ್ಕರ ಒಸಿ ಪ್ರಾರ್ಥ್ನೆ ಮಾಡವ್ವ ಅಂತ ಒಬ್ರೂ ಕೇಳಕಿಲ್ಲ. ಓಗಿರಾದು ಮಂಡಿ ತಾನೆ, ಬಾಯಲ್ವಲ್ಲ."

ನನಗೆ ನಾಚಿಕೆಯಾಯಿತು. ಮೆತ್ತನೆಯ ಕುರ್ಚಿಯ ಮೇಲೆ ಅಷ್ಟೊಂದು ಸಿಟ್ಟಾದವನು, ಅದೇ ಕುರ್ಚಿಯನ್ನು ಬಸ್ಸು ಬದಲಿಸಿ ಹೊತ್ತು ತಂದು ಅವರಿಗೆ ಹಾಕಿದ್ದೆ. ಅವರ ಮುಂದೆ ತಲೆ ಬಾಗಿಸಿ, ನನಗಾಗಿ ಪ್ರಾರ್ಥಿಸಿ ಅವ್ವ ಎಂದೆ. ಬೋಳುತಲೆಯ ಮೇಲೆ ಒರಟು ಅಂಗೈ ಬಿತ್ತು.

"ಸ್ವಾಮಿ, ಎಂಡ್ರು ತೀರ್ಕಂಡ್ಮೇಲೆ ಈ ಮೇಷ್ಟ್ರು ಒಂಟಿಯಾಗವ್ರೆ. ಅದ್ಕೇ ಮಾತ್ ಜಾಸ್ತಿ. ನೀನೇ ಕೇಳುಸ್ಕೊ."

ಅಷ್ಟೇ. ನಾನು ಆಮೆನ್ ಎಂದೆ.

ರಾಹೇಲಮ್ಮನಿಗಾಗಿ ಪ್ರಾರ್ಥಿಸಲು ಇನ್ನು ಯಾರನ್ನೂ ಕಳಿಸಬೇಡಿ, ಪ್ರಾರ್ಥನೆ ಬೇಕಾದವರನ್ನು ಕಳಿಸಿ ಎಂದು ಅಯ್ಯನವರಿಗೆ ಹೇಳಿದೆ. ಮೊದಲು ಅವರೇ ಹೋಗಿ ಬಂದರು. ಅವರ ತಲೆಯ ಮೇಲೆ ಕೈಯಿಟ್ಟು ಆ ತಾಯಿ ದೇವರಿಗೆ ಏನು ಹೇಳಿದರೋ ತಿಳಿಯದು. ಮರು ಭಾನುವಾರ ಅಯ್ಯನವರ ಉಪದೇಶ ಎಂದಿಲ್ಲದಂತೆ ಬೇಗ ಮುಗಿದು, ನಾವೆಲ್ಲ ಬಿಸಿ ಊಟದ ಹೊತ್ತಿಗೆ ಮನೆ ಸೇರಿದೆವು.