ಸೀನು ನಿಲ್ಲಿಸುವ ಡಬ್ಬಿ

ನಿಪ್ಪಾಣಿಯಲ್ಲಿ ಮೊಮ್ಮಗಳ ಶಾಲೆಯ ವಿಜ್ಞಾನ ಸ್ಪರ್ಧೆಗೆ ಹೋಗಿದ್ದೆ. ಕಿಟಕಿಯಿಂದ ತಂಬಾಕಿನ ಘಾಟು ಬಂದದ್ದೇ, ನೆನಪಿನಲ್ಲಿ ನಮ್ಮ ಹಳ್ಳಿ ಭೋಜದ ಹಳೆಯ ಓಣಿಗೆ ಜಾರಿಬಿಟ್ಟೆ.

ಸಹಪಾಠಿ ಸುನಂದಾಳ ಮನೆಯ ಪಡಸಾಲೆ. ತೊಡೆಯ ಮೇಲೆ ಮೊರವಿಟ್ಟು ಅವಳವ್ವ ಬೀಡಿ ಕಟ್ಟುತ್ತ ಕೆಮ್ಮುತ್ತಾಳೆ. ಬಿಸಿಲುಕೋಲಿನಲ್ಲಿ ತಂಬಾಕಿನ ಧೂಳು ಚಿನ್ನದಂತೆ ತೇಲುತ್ತದೆ. ಅದನ್ನು ಹಿಡಿಯಲೆಂದೇ ನಮ್ಮ ಶಾಲೆಯ ತಂಡ ಎಣ್ಣೆ ಡಬ್ಬಿಗೆ ಫ್ಯಾನು, ಒದ್ದೆ ಗೋಣಿತಾಟು ಕಟ್ಟಿತ್ತು. ಫ್ಯಾನು ಹಚ್ಚಿದೆವು. ಯಾರೂ ಸೀನಲಿಲ್ಲ. ಗೆದ್ದೆವೆಂದು ಕುಣಿದೆವು.

ಅಷ್ಟರಲ್ಲಿ ಸುನಂದಾಳ ಅಣ್ಣನನ್ನು ಹೊಸದಾಗಿ ಮದುವೆಯಾಗಿ ಅಥಣಿಯಿಂದ ಬಂದಿದ್ದ ವಹಿನಿ ಒಳಗೆ ಬಂದಳು. ಸೀನಿದ್ದೇ ಸೀನಿದ್ದು.

"ಏ ಶಾಣ್ಯಾರಾ, ನಿಮ್ಮ ಮೂಗು ಹುಟ್ಟಿದಾಗಿಂದ ತಂಬಾಕ ಕುಡದಾವ! ಇಕಿ ಸೀನೂದ ಬಿಟ್ರ ನಿಮ್ಮ ಡಬ್ಬಿ ಖರೆ," ಎಂದು ಅವ್ವ ನಕ್ಕಳು.

ಅಂದಿನಿಂದ ಸಂಜೆ ಸಂಜೆ ವಹಿನಿಯೇ ನಮ್ಮ ಪರೀಕ್ಷಕಿ. ಗೋಣಿತಾಟು ಬದಲಿಸಿದೆವು, ಫ್ಯಾನು ತಿರುಗಿಸಿ ಕಟ್ಟಿದೆವು. ಕೊನೆಗೊಮ್ಮೆ ಅವಳು ಮೂಗು ತಿಕ್ಕಿಕೊಂಡು, "ಸೀನು ಬರವಲ್ತು ನೋಡ್ರಿ," ಎಂದಳು. ಅವಳ ಮೂಗೂ ನಮ್ಮೂರಿನದಾಯಿತೇನೋ ಎಂದು ಅಂಜಿದೆವು. ಆದರೆ ಆ ಸಂಜೆ ಅವ್ವನೂ ಕೆಮ್ಮಿರಲಿಲ್ಲ.

ನೆನಪಿನಿಂದ ಎಚ್ಚೆತ್ತರೆ, ಎದುರಿಗೆ ಮೊಮ್ಮಗಳ ತಂಡದ ಗಾಳಿ ಶುದ್ಧಿ ಯಂತ್ರ ಫಳಫಳ ಹೊಳೆಯುತ್ತಿತ್ತು.

"ಯಾರ ಮುಂದ ಹಚ್ಚಿ ನೋಡೀರಿ?" ಎಂದು ಮೊಮ್ಮಗಳನ್ನು ಕೇಳಿದೆ.

"ನೋಡೂದೇನ ಐತಿ ಅಜ್ಜಾ, ಅಂಗಡ್ಯಾಗಿನ್ದು. ಟೀಚರ್ರ ತರಾಕ ಹೇಳ್ಯಾರ."

ಕೊಂಡು ತರುವುದು ಅದೆಂಥ ವಿಜ್ಞಾನ? ಬೈಯಲು ಬಾಯಿ ತೆರೆದೆ. ಸೀನಿದ್ದೇ ಸೀನಿದ್ದು.

ಊರು ಬಿಟ್ಟು ಬಹಳ ವರ್ಷಗಳಾದವು, ನನ್ನ ಮೂಗು ಈಗ ಪರಸ್ಥಳದ್ದು. ಮಕ್ಕಳು ಬೇಕಾದರೆ ಕರೆಯಲಿ. ವಹಿನಿಯಂತೆ ಯಂತ್ರದ ಮುಂದೆ ಕೂರಲು ನಾನು ಸಿದ್ಧ.