ಜಾಗದವರ ಪಾಲು

ನನಗೆ ಹತ್ತು ವರ್ಷವಾಗಿದ್ದ ಆ ಕಾಲದಲ್ಲಿ ನೆದರ್ಲೆಂಡ್ಸ್‌ನ ಬೆಸ್ಟ್ ಎಂಬ ಊರಿನ ನಮ್ಮ ಮನೆಯಲ್ಲಿ ಸಂಜೆಯ ಭಜನೆ ಇರಲಿಲ್ಲ, ಕಾಡು ಮಾರಾಟದ ಜಾಹೀರಾತು ಓದುವುದಿತ್ತು. ಪಪ್ಪ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸುತ್ತಿದ್ದರು, ನಾನು ಡಚ್‌ನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಎಂಜಿನಿಯರ್ ಆಗಿದ್ದ ಅವರಿಗೆ ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು. ಹೊರಗಿನ ಡಚ್‌ಗೆಲ್ಲ ನಾನೇ. ಪುರಸಭೆಯ ಪತ್ರ ಬಂದರೆ ನಾನು, ಹೀಟರ್ ರಿಪೇರಿಯವನು ಬಂದರೆ ನಾನು. ನನ್ನ ಜಂಬಕ್ಕೆ ಅಳತೆ ಇರಲಿಲ್ಲ.

ಕಡೆಗೂ ಪಪ್ಪ ಬೆಲ್ಜಿಯಂ ಗಡಿಯ ಹತ್ತಿರ ಒಂದು ತುಂಡು ಪೈನ್ ಕಾಡು ಕೊಂಡರು. ಪುತ್ತೂರು ಕಡೆಯವರಾದ ಪಪ್ಪನ ಪ್ರಕಾರ ಜಾಗ ಬರೆಸಿಕೊಂಡ ಮೇಲೆ ಹುಲ್ಲಿನಿಂದ ಹಂದಿಯವರೆಗೆ ಎಲ್ಲ ನಮ್ಮದೇ. ರಜೆಗೊಂದು ಮರದ ಗುಡಿಸಲು, ವರ್ಷಕ್ಕೊಂದು ಬೇಟೆ, ಊರಿನಿಂದ ನೆಂಟರು ಬಂದರೆ ಸುತ್ತ ಕುಳಿತು ಮೈ ಕಾಯಿಸಲು ಬೆಂಕಿ. "ಮೊದಲು ಕೇಳಿ, ಮತ್ತೆ ಕೊಳ್ಳಿ" ಎಂದು ಅಮ್ಮ ಹೇಳಿದ್ದರು. ಇವರು ಮೊದಲು ಕೊಂಡು ಮತ್ತೆ ಕೇಳಿದರು. ಗುಡಿಸಲು ಕಟ್ಟುವಂತಿಲ್ಲ, ಡೇರೆ ಹಾಕಿ ಮಲಗುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಬೇಟೆಗಂತೂ ನಲವತ್ತು ಹೆಕ್ಟೇರ್ ಒಟ್ಟಿಗೆ ಬೇಕು. ನಮ್ಮದು ಒಂದು ಹೆಕ್ಟೇರೂ ಇರಲಿಲ್ಲ. ಸುತ್ತಲಿನ ಜಮೀನುಗಳ ಜೊತೆ ನಮ್ಮ ತುಂಡಿನ ಬೇಟೆಯ ಹಕ್ಕನ್ನೂ ಹಿಂದಿನ ಮಾಲೀಕ ಆ ಊರಿನ ಮುದುಕ ಬೇಟೆಗಾರನೊಬ್ಬನಿಗೆ ಬರೆದುಕೊಟ್ಟಾಗಿತ್ತು. ಆ ಪತ್ರಗಳನ್ನೂ ನಾನೇ ಓದಿ ಹೇಳಿದೆ.

"ಹಾಗಾದರೆ ನಾವು ಅಲ್ಲಿ ಎಂತ ಮಾಡಬಹುದು?" ಪಪ್ಪ ಕೇಳಿದರು.

"ನಡೀಬಹುದು, ಪಪ್ಪ."

"ನಡೆಯಲಿಕ್ಕೆ ರಸ್ತೆ ಸಾಕಿತ್ತು," ಅಂದರು ಅಮ್ಮ.

ಆದರೂ ಆ ಚಳಿಗಾಲ ಪ್ರತಿ ಶನಿವಾರ ಹೋದೆವು. ಕೊಳೆತ ಎಲೆ, ಪೈನ್ ಅಂಟಿನ ವಾಸನೆ. ಡಬ್ಬಿಯಲ್ಲಿ ಅಮ್ಮ ಮಾಡಿದ ಅಕ್ಕಿಯುಂಡೆ ಪುಂಡಿ, ಕೆಂಪು ಚಟ್ನಿ, ಫ್ಲಾಸ್ಕಿನಲ್ಲಿ ಚಹಾ. ನಾನು ಪೈನ್ ಕಾಯಿಗಳನ್ನು ಸಾಲಾಗಿ ಇಟ್ಟು ಕಟ್ಟಲಾಗದ ಗುಡಿಸಲಿಗೆ ಗೋಡೆ ಎಳೆಯುತ್ತಿದ್ದೆ. ಪಪ್ಪ ಬಾಗಿಲು ಇರುವಲ್ಲಿಂದಲೇ ಒಳಗೆ ಬರುತ್ತಿದ್ದರು, ಗೋಡೆ ದಾಟುತ್ತಿರಲಿಲ್ಲ. ಅಲ್ಲೇ ಕೂತು ಅವರ ಅಪ್ಪನ ಕತೆ ಹೇಳಿದರು. ಅಜ್ಜನಿಗೆ ಸ್ವಂತ ಜಾಗ ಇರಲಿಲ್ಲವಂತೆ. ಬೇಟೆಯಲ್ಲಿ ಪೊದೆ ಬಡಿದು ಹಂದಿ ಎಬ್ಬಿಸುವುದು ಅವರ ಕೆಲಸ. ಹಂದಿ ಯಾರ ಜಾಗದಲ್ಲಿ ಬಿದ್ದರೂ ಒಂದು ತೊಡೆ ಆ ಜಾಗದವರಿಗೆ. ಅದನ್ನು ಹೊತ್ತು ಜಾಗದ ಧನಿಗಳ ಜಗಲಿಗೆ ಮುಟ್ಟಿಸುತ್ತಿದ್ದವರು ಅಜ್ಜ.

ಫೆಬ್ರವರಿಯ ಕಾರ್ನವಾಲ್ ಹಬ್ಬದ ರಜೆಯ ಒಂದು ಬೆಳಿಗ್ಗೆ ನಾವು ಹೋದಾಗ ಆ ಬೇಟೆಗಾರ ನಮ್ಮ ಕಾಡಿನಲ್ಲೇ ನಿಂತಿದ್ದ. ಕಾಲ ಬಳಿ ಹೊಡೆದು ಕರುಳು ತೆಗೆದ ಒಂದು ಸಣ್ಣ ಜಿಂಕೆ, ಪಕ್ಕದಲ್ಲಿ ನಾಯಿ. ಪಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಮುದುಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

"ಮಗಾ, ಸರಿಯಾಗಿ ಹೇಳು. ಇದು ಬಿದ್ದದ್ದು ನಮ್ಮ ಜಾಗದಲ್ಲಿ. ನಮ್ಮಲ್ಲಿ ಜಾಗದವರಿಗೆ ಒಂದು ತೊಡೆ ಕೊಡುವ ಕ್ರಮ ಉಂಟು. ಬೇಡುವುದಲ್ಲ ಅದು, ಮರ್ಯಾದೆ. ಹಾಗೇ ಹೇಳು."

ಪಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಜಿಂಕೆಯ ತೊಡೆಗೆ ಬೆರಳು ತೋರಿಸುತ್ತಿದ್ದರು. ನನಗೆ ನಾಚಿಕೆಯಾಯಿತು. ಕ್ಲಾಸಿನಲ್ಲಿ ಯಾರಿಗಾದರೂ ತಿಳಿದರೆ ಎಂದು ಹೆದರಿದೆ. ಹಕ್ಕು, ಕ್ರಮ, ಮರ್ಯಾದೆ, ಇವಕ್ಕೆಲ್ಲ ನನಗೆ ಡಚ್ ಬರುತ್ತಿತ್ತು. ಬಾರದೆ ಬಿಟ್ಟದ್ದಲ್ಲ. ನಾನು ಹೇಳಿದ್ದು ಇಷ್ಟೇ: "ಏನಾದರೂ ಉಳಿದಿದ್ದರೆ ನಮಗೆ ಕೊಡ್ತೀರಾ ಅಂತ ಅಪ್ಪ ಕೇಳ್ತಿದ್ದಾರೆ."

ಮುದುಕ ಪಪ್ಪನನ್ನು ಒಮ್ಮೆ ನೋಡಿ, ತನ್ನ ಜೀಪಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟ. ಒಳಗೆ ಪಿತ್ತಜನಕಾಂಗ, ಹೃದಯ. ಪಪ್ಪ ಮಂಕಿ ಕ್ಯಾಪ್ ತೆಗೆದು ಎರಡೂ ಕೈಯಲ್ಲಿ ಇಸಿದುಕೊಂಡರು.

"ಎಂತ ಹೇಳಿದರು?"

"ತಗೊಳ್ಳಿ ಅಂದ್ರು."

"ತೊಡೆ ಅಲ್ಲ... ಅಡ್ಡಿಲ್ಲ, ಇಲ್ಲಿಯ ಕ್ರಮ ಇದಿರಬಹುದು."

ಮರುದಿನ ಅಮ್ಮ ತೆಂಗಿನಕಾಯಿ, ಕೊತ್ತಂಬರಿ ಹುರಿದು ಅದನ್ನು ಸಾರು ಮಾಡಿದರು. ಪಪ್ಪ ನಮ್ಮ ಕಡೆಯ ಎರಡು ಮನೆಯವರನ್ನು ಊಟಕ್ಕೆ ಕರೆದು, "ಇಲ್ಲಿಯವರಿಗೂ ಜಾಗದವರ ಮರ್ಯಾದೆ ಗೊತ್ತುಂಟು" ಎಂದು ಬಡಿಸಿದರು. ನಾನು ಹೊಟ್ಟೆ ನೋವೆಂದು ಮೇಲಿನ ಕೋಣೆಯಲ್ಲಿ ಮಲಗಿದ್ದೆ. ಆ ವರ್ಷವಿಡೀ ಸಿಕ್ಕಿದವರಿಗೆಲ್ಲ ಅದೇ ಕತೆ ಹೇಳಿದರು. ಒಮ್ಮೆಯೂ ತಡೆಯಲು ನನಗೆ ಬಾಯಿ ಬರಲಿಲ್ಲ.

ಎರಡು ವರ್ಷದ ನಂತರ ಕಾಡು ಮಾರಿದೆವು. ಅಷ್ಟರಲ್ಲಿ ಪಪ್ಪ ಸಂಜೆಯ ತರಗತಿಗೆ ಹೋಗಿ ಡಚ್ ಕಲಿಯುತ್ತಿದ್ದರು. ಕೊನೆಯ ದಿನ ಮುದುಕನಿಗೆ ತಾವೇ ಹೇಳಿ ಬರುತ್ತೇನೆಂದು ಅವನ ಗೇಟಿನ ಬಳಿ ಇಳಿದರು. ಕಾರಿನ ಗಾಜು ಇಳಿದಿತ್ತು. ಮುದುಕ ಪಪ್ಪನಿಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಹೇಳಿದ: "ಅವತ್ತು ಉಳಿದದ್ದು ಕೊಡಿ ಅಂತ ಕೇಳಿದಿರಲ್ಲ, ನಾಯಿಗೆಂದು ಇಟ್ಟದ್ದನ್ನು ಕೊಟ್ಟೆ. ಕಾಡು ಮಾರುವಷ್ಟು ಕಷ್ಟದಲ್ಲಿದ್ದೀರಿ ಅಂತ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಳ್ಳೆಯ ಮಾಂಸ ಕೊಡುತ್ತಿದ್ದೆ."

ಪಪ್ಪ ಅವನ ಕೈ ಕುಲುಕಿ ಬಂದರು. ಬೆಲ್ಟ್ ಹಾಕಿಕೊಂಡರು. ಮನೆ ಮುಟ್ಟುವವರೆಗೆ ನನ್ನನ್ನು ಏನೂ ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ. ಒಮ್ಮೆ ಬೈದಿದ್ದರೆ ಆ ಪಾಪ ಅಲ್ಲಿಗೆ ತೀರುತ್ತಿತ್ತೇನೋ. ಆ ಕತೆಯನ್ನು ಅವರು ಮತ್ತೆ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ನಾವು ಕಳೆದುಕೊಂಡದ್ದು ಕಾಡು ಮಾತ್ರ ಎಂದು ಅಮ್ಮ ಈಗಲೂ ತಿಳಿದಿದ್ದಾರೆ. ಹೋದ ತಿಂಗಳು ಪಪ್ಪನ ಹೃದಯದ ಪರೀಕ್ಷೆಗೆ ಆಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಕಷ್ಟದ ಪದಗಳು ಬಂದಾಗ ಡಾಕ್ಟರ್ ನನ್ನ ಕಡೆ ತಿರುಗಿ, ಇವರಿಗೆ ನೀವು ಬಿಡಿಸಿ ಹೇಳಿ ಅಂದರು. ನಾನು ಬಾಯಿ ತೆರೆಯುವ ಮೊದಲೇ ಪಪ್ಪ ತಮ್ಮ ಹರುಕು ಮುರುಕು ಡಚ್‌ನಲ್ಲಿ, "ನನಗೇ ಹೇಳಿ, ನಿಧಾನಕ್ಕೆ" ಎಂದರು. ಆಮೇಲೆ ನನಗೆ ಕನ್ನಡದಲ್ಲಿ, ಏನೂ ಸಿಟ್ಟಿಲ್ಲದೆ, "ನೀನು ಹೊರಗೆ ಕೂತ್ಕೋ, ಮಗಾ" ಅಂದರು.